ಜಾಮೀನು ಸಿಕ್ಕಿದೆ, ಪಹಣಿ ಇಲ್ಲ: 23 ದಿನದಿಂದ ಒಳಗೇ ಇದ್ದಾನೆ

ಸಿಮೆಂಟಂಗಡಿ · ಭಾನುವಾರ ರಾತ್ರಿ

ಬೆಂಗಳೂರಿನ ಹೊರವಲಯದಲ್ಲಿ ನಂದೊಂದು ಸಿಮೆಂಟು, ಕಬ್ಬಿಣದ ಅಂಗಡಿ. ನಾಲ್ಕು ವರ್ಷದಿಂದ ನಮ್ಮಲ್ಲಿಂದ ಸಾಮಾನು ಒಯ್ಯೋ ಸೆಂಟ್ರಿಂಗ್ ಹುಡುಗರ ಗುಂಪೊಂದಿದೆ, ರಾಯಚೂರು ಕಡೆಯವರು. ಅವರಲ್ಲಿ ಒಬ್ಬನನ್ನ ಹೋದ ತಿಂಗಳು ಪೊಲೀಸರು ಕರ್ಕೊಂಡು ಹೋದರು. ಸೈಟಲ್ಲಿ ತಾಮ್ರದ ಕೇಬಲ್ ಕಳವಾಗಿದೆ ಅಂತ ದೂರು. ಅವನೇ ಕದ್ದನೋ ಇಲ್ವೋ ನಂಗೆ ಗೊತ್ತಿಲ್ಲ, ಅದನ್ನ ಕೋರ್ಟು ನೋಡ್ಕೊಳ್ಳಲಿ. ನಾನು ಕೇಳ್ತಿರೋದು ಬೇರೆ.

ಹತ್ತನೇ ದಿನಕ್ಕೆ ಮ್ಯಾಜಿಸ್ಟ್ರೇಟ್ ಜಾಮೀನು ಕೊಟ್ಟರು. 50 ಸಾವಿರದ ಬಾಂಡು, ಇಬ್ಬರು ಶ್ಯೂರಿಟಿ, ಅಂದ್ರೆ ಆಸ್ತಿ ದಾಖಲೆ ತೋರಿಸಿ ಅವನಿಗೆ ಹೊಣೆ ನಿಲ್ಲೋರು. ಅವನ ಚಿಕ್ಕಪ್ಪ ಮೂರೆಕರೆ ಒಣಭೂಮಿಯ ಪಹಣಿ ಹಿಡ್ಕೊಂಡು ಮಾನ್ವಿಯಿಂದ ರಾತ್ರಿ ಬಸ್ಸಲ್ಲಿ ಬಂದ. ಬೇರೆ ಜಿಲ್ಲೆ ಪಹಣಿ ಆಗಲ್ಲ, ಇಲ್ಲೇ ಇರೋರನ್ನ ಕರ್ಕೊಂಡು ಬನ್ನಿ ಅಂದರು. ಇಲ್ಲಿ ಅವನಿಗೆ ಯಾರಿದ್ದಾರೆ? ನಾನೇ ನಿಲ್ಲೋಣ ಅಂದ್ರೆ ಅಂಗಡಿ ಬಾಡಿಗೇದು, ಮನೆ ಅಪ್ಪನ ಹೆಸರಲ್ಲಿ. ಅಪ್ಪ "ಊರ ಉಸಾಬರಿ ನಮಗ್ಯಾಕೋ" ಅಂತ ಟವೆಲ್ ಕೊಡವಿ ಎದ್ದುಹೋದರು. ಕೋರ್ಟಿನ ಹೊರಗೆ ಟೀ ಅಂಗಡೀಲಿ ಒಬ್ಬ ಬಂದು "ಇಬ್ಬರು ಶ್ಯೂರಿಟಿ, ಹನ್ನೆರಡು ಸಾವಿರ, ನಾಳೆಗೇ ಬಿಡಿಸ್ತೀನಿ" ಅಂದ. ಚಿಕ್ಕಪ್ಪ ಆ ದುಡ್ಡಿಲ್ಲದೆ ವಾಪಸ್ ಹೋದ. ಜಾಮೀನು ಆಗಿ ಇವತ್ತಿಗೆ 23 ದಿನ.

ಅದೇ ವಾರ ನಮ್ಮ ರಸ್ತೇಲಿ ಒಬ್ಬ ಕಂಟ್ರಾಕ್ಟರ್ ಮಗ ಕುಡಿದು ಕಾರು ನುಗ್ಗಿಸಿ ಎಳನೀರು ಮಾರೋರ ಕಾಲು ಮುರಿದ. ಸಾಯಂಕಾಲ ಠಾಣೆಗೆ ಹೋದ, ರಾತ್ರಿ ಊಟಕ್ಕೆ ಮನೇಲಿದ್ದ. ಕಾನೂನು ಎಲ್ಲರಿಗೂ ಒಂದೇ ಅಂತ ನನ್ನ ಮಗಳ ಪುಸ್ತಕದಲ್ಲಿ ಬರೆದಿದೆ. ಅದನ್ನ ಓದಿಸ್ತಾ ಕೂತಾಗ ನಗು ಬಂತು, ಅದಕ್ಕೇ ಇಲ್ಲಿ ಹಾಕ್ತಿದ್ದೀನಿ.

ಬರೀ ಪ್ರಶ್ನೆ · ಭಾನುವಾರ ರಾತ್ರಿ

ಕದ್ದಿದ್ದಕ್ಕೆ ತಾನೆ ಒಳಗಿರೋದು? ಕಳ್ಳನಿಗೂ ಕನಿಕರ ಬೇಕಾ?

ಸಿಮೆಂಟಂಗಡಿ

ಕದ್ದಿದ್ದಾನೆ ಅಂತ ಇನ್ನೂ ಯಾರೂ ತೀರ್ಪು ಕೊಟ್ಟಿಲ್ಲ ಗುರುವೇ. ಕೊಡೋ ಹೊತ್ತಿಗೆ ಶಿಕ್ಷೆ ಮುಗಿದಿರುತ್ತೆ, ಅದೇ ನನ್ನ ತಕರಾರು.

ಕರಿಕೋಟು · ಸೋಮವಾರ ಬೆಳಿಗ್ಗೆ

ನಾನು ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲೇ ಹದಿನೈದು ವರ್ಷ ಸವೆಸಿದವನು. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮೊದಲು ಕಾರಿನ ವಿಷಯ. ಕಂಟ್ರಾಕ್ಟರ್ ಮಗನಿಗೆ ಪೊಲೀಸರು ಉಪಕಾರ ಮಾಡಿದರು ಅಂತ ನಿಮಗನ್ನಿಸಿರಬಹುದು. ಮಾಡಿರಲೂಬಹುದು. ಆದರೆ ಮಾಡುವ ಅಗತ್ಯವೇ ಇರಲಿಲ್ಲ. ಅಜಾಗರೂಕ ಚಾಲನೆ, ಅದರಿಂದ ಗಾಯ, ಇವು ಜಾಮೀನು ಹಕ್ಕಾಗಿ ಸಿಗುವ ಅಪರಾಧಗಳು, ಠಾಣೆಯಲ್ಲೇ ಬಿಡಲೇಬೇಕು. ನಿರ್ಲಕ್ಷ್ಯದಿಂದ ಗುದ್ದಿ ಮನುಷ್ಯ ಸತ್ತರೂ ಹಳೆಯ ದಂಡ ಸಂಹಿತೆಯ 304ಎ ಕಲಂ ಜಾಮೀನುಸಹಿತವೇ ಆಗಿತ್ತು, ಹೊಸ ನ್ಯಾಯಸಂಹಿತೆಯ 106(1) ಕೂಡ ಹಾಗೇ ಇದೆ. ಕಳ್ಳತನ ಹಾಗಲ್ಲ. ಅಲ್ಲಿ ಜಾಮೀನು ಕೊಡುವುದು ನ್ಯಾಯಾಧೀಶರ ವಿವೇಚನೆ. ಅಂದರೆ ಕಾರು ಇರುವವನು ಸಾಮಾನ್ಯವಾಗಿ ಮಾಡುವ ತಪ್ಪು ಒಂದು ಕಡೆ, ಕಾರು ಇಲ್ಲದವನ ಮೇಲೆ ಸಾಮಾನ್ಯವಾಗಿ ಬೀಳುವ ಆರೋಪ ಇನ್ನೊಂದು ಕಡೆ ಬರೆದಿಟ್ಟಿದ್ದಾರೆ. ಲಂಚ, ಶಿಫಾರಸು ಬರುವುದು ಆಮೇಲೆ. ಮೊದಲ ಗೆರೆ ಎಳೆದಿರುವುದು ಪುಸ್ತಕದಲ್ಲೇ.

ಎರಡನೆಯದು, ಅವನನ್ನು ಬಂಧಿಸಬೇಕಿತ್ತೇ ಅನ್ನುವುದು. ಸಾಧಾರಣ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. ಏಳು ವರ್ಷದವರೆಗಿನ ಅಪರಾಧಗಳಲ್ಲಿ ಯಾಂತ್ರಿಕವಾಗಿ ಬಂಧಿಸಬೇಡಿ, ನೋಟಿಸ್ ಕೊಟ್ಟು ಕರೆಯಿರಿ, ಬಂಧಿಸಲೇಬೇಕಾದರೆ ಕಾರಣ ಬರೆಯಿರಿ ಅಂತ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರಣ ಬರೆಯುತ್ತಾರೆ. ಅಚ್ಚು ಹಾಕಿದ ಹಾಗೆ ಒಂದೇ ಕಾರಣ: "ಆರೋಪಿಗೆ ಸ್ಥಳೀಯವಾಗಿ ಖಾಯಂ ವಿಳಾಸವಿಲ್ಲ."

ಮೂರನೆಯದು ಪಹಣಿ. ಮಧ್ಯಪ್ರದೇಶದ ಮೋತಿ ರಾಮ್ ಅನ್ನುವವರ ಪ್ರಕರಣ, 1978. ಅವರೂ ಗಾರೆ ಕೆಲಸದವರೇ. 10 ಸಾವಿರ ರೂಪಾಯಿಗೆ ಶ್ಯೂರಿಟಿ ಕೇಳಿದರು, ಅಣ್ಣತಮ್ಮನೊಬ್ಬ ಮುಂದೆ ಬಂದ, ನಿನ್ನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ವಾಪಸ್ ಕಳಿಸಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ 1 ಸಾವಿರದ ಸ್ವಂತ ಮುಚ್ಚಳಿಕೆ ಮೇಲೆ ಬಿಡಿಸಿದರು. ನಿಮ್ಮ ಹುಡುಗನ ಚಿಕ್ಕಪ್ಪನ ಕಥೆಗೂ ಇದಕ್ಕೂ ಏನಾದರೂ ವ್ಯತ್ಯಾಸ ಕಾಣುತ್ತಾ?

ಈಗ ಮಾಡಬೇಕಾದ್ದು. 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಇದಕ್ಕೆಂದೇ ನಿರ್ದೇಶನ ಕೊಟ್ಟಿದೆ. ಜಾಮೀನಾಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಬಾಂಡು, ಶ್ಯೂರಿಟಿ ಆಗದಿದ್ದರೆ ಷರತ್ತು ಸಡಿಲಿಸಬಹುದೇ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಬಿಡುಗಡೆ ತಡವಾಗುವುದಕ್ಕೆ ಸ್ಥಳೀಯ ಶ್ಯೂರಿಟಿಯ ಹಟವೇ ಒಂದು ಕಾರಣ, ಆ ಷರತ್ತು ಹಾಕಬೇಡಿ ಅಂತಲೂ ಅದರಲ್ಲೇ ಇದೆ. ಕೋರ್ಟ್ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೊಠಡಿ ಇರುತ್ತೆ, ಅಲ್ಲಿಗೆ ಹೋಗಿ. ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟು ಅಂತ ಕೇಳದೆ ಉಚಿತ ವಕೀಲರನ್ನು ಕೊಡಬೇಕು. ಫೋನಲ್ಲಾದರೆ 15100. ಟೀ ಅಂಗಡಿಯವನ ಹತ್ತಿರ ಮಾತ್ರ ಹೋಗಬೇಡಿ, ಅವನ ಪಹಣಿ ನಕಲಿ ಆಗಿದ್ದರೆ ಹುಡುಗನ ತಲೆಗೆ ಇನ್ನೊಂದು ಕೇಸು ಸುತ್ತಿಕೊಳ್ಳುತ್ತೆ.

ಹಳೇ ದಫೇದಾರ · ಸೋಮವಾರ ಮಧ್ಯಾಹ್ನ

ವಕೀಲರು ಎಲ್ಲಾ ಸರಿಯಾಗೇ ಹೇಳವ್ರೆ. ನಾನು ಮೂವತ್ತನಾಲ್ಕು ವರ್ಷ ಖಾಕಿ ಹಾಕ್ದೋನು, ಎಎಸ್‌ಐ ಆಗಿ ನಿವೃತ್ತಿ. ಠಾಣೆ ಕಡೆಯಿಂದನೂ ಒಂದು ಮಾತು ಕೇಳಿ.

ಹೊರಗಿನ ಜಿಲ್ಲೆಯವನಿಗೆ ನೋಟಿಸ್ ಕೊಟ್ಟು ಕಳಿಸ್ತೀವಿ ಅನ್ಕೊಳಿ. ನಾಕನೇ ದಿನ ಫೋನ್ ಸ್ವಿಚ್ ಆಫ್. ಕೋರ್ಟಿಂದ ವಾರಂಟ್ ಬರ್ತದೆ. ನಾನು ಆ ವಾರಂಟ್ ಹಿಡ್ಕೊಂಡು ಯಾದಗಿರಿ, ಬೀದರು, ಒಂದ್ಸಲ ಒಡಿಶಾಕ್ಕೂ ಹೋಗಿವ್ನಿ, ಕೈಯಿಂದ ದುಡ್ಡು ಹಾಕಿ. ಓಡಾಟದ ಖರ್ಚಿನ ಟಿಎ ಬಿಲ್ಲು ಆಗೋದು ಆರು ತಿಂಗಳ ಮೇಲೆ. ಆರೋಪಿ ಸಿಗದಿದ್ರೆ ಕ್ರೈಂ ಮೀಟಿಂಗಲ್ಲಿ ಸಾಹೇಬ್ರು ಎಲ್ಲರ ಎದುರಿಗೆ ನಿಲ್ಲಿಸಿ ಬೈತಾರೆ. ಅದಕ್ಕೇ ಠಾಣೆಯೋರಿಗೆ ವಿಳಾಸ ಇಲ್ದೋನು ಅಂದ್ರೆ ಭಯ. ಬಡವ ಅನ್ನೋ ದ್ವೇಷ ಅಲ್ಲ. ನಕಲಿ ಪಹಣಿ ದಂಧೆಯೂ ಸುಳ್ಳಲ್ಲ, ಒಂದೇ ಪಹಣಿ ಇಟ್ಕೊಂಡು ಹತ್ತು ಜನಕ್ಕೆ ಶ್ಯೂರಿಟಿ ನಿಂತೋರನ್ನ ನಾವೇ ಹಿಡಿದಿದ್ದೀವಿ.

ಆದ್ರೆ ಸುಳ್ಳು ಹೇಳಬಾರದು. ತಾರತಮ್ಯ ಇಲ್ಲ ಅಂತ ನಾನು ಹೇಳಲ್ಲ. ಠಾಣೇಲಿ ಅದು ಎಲ್ಲಿ ಕಾಣ್ತದೆ ಗೊತ್ತಾ, ಕುರ್ಚೀಲಿ. ಒಳಗೆ ಬಂದೋನಿಗೆ ಸೆಂಟ್ರಿ ಕುರ್ಚಿ ತೋರಿಸ್ತಾನಾ, ಬೆಂಚು ತೋರಿಸ್ತಾನಾ, ನಿಲ್ಲಿಸೇ ಮಾತಾಡಿಸ್ತಾನಾ, ಅಷ್ಟರಲ್ಲೇ ಅವನ ಕೇಸು ಅರ್ಧ ತೀರ್ಮಾನ ಆಗಿರ್ತದೆ. ಯಾರೂ ಅದನ್ನ ಹೇಳ್ಕೊಟ್ಟಿಲ್ಲ. ಬಟ್ಟೆ ನೋಡಿ, ಚಪ್ಪಲಿ ನೋಡಿ, ಮಾತಾಡೋ ರೀತಿ ನೋಡಿ ತಾನಾಗೇ ಬರ್ತದೆ. ನಾನೂ ಹಾಗೇ ಮಾಡಿವ್ನಿ.

ತುಂಗೆಯ ದಡ · ಸೋಮವಾರ ಸಂಜೆ

ದಫೇದಾರರ ಕುರ್ಚಿ ಮಾತು ಓದಿ ನನ್ನ ಕಥೆ ಹೇಳಬೇಕು ಅನ್ನಿಸಿತು. ಹಿಂದೆ ಜೊತೆಗೆ ಕೆಲಸ ಮಾಡಿದವನೊಬ್ಬ ಎಂಟು ತಿಂಗಳು ಬೆನ್ನು ಬಿದ್ದಿದ್ದ. ಬಸ್‌ಸ್ಟಾಪಲ್ಲಿ ನಿಲ್ಲೋದು, ಹೊಸ ಹೊಸ ನಂಬರಿಂದ ಮೆಸೇಜು. ಒಬ್ಬಳೇ ಠಾಣೆಗೆ ಹೋದೆ. "ಪೆಟಿಷನ್ ಬರೆದುಕೊಡಿ ಮೇಡಂ, ಕರೆದು ಬುದ್ಧಿ ಹೇಳ್ತೀವಿ, ಎಫ್‌ಐಆರ್ ಆದ್ರೆ ನಿಮಗೇ ತೊಂದರೆ, ಮದುವೆ ವಯಸ್ಸು" ಅಂದರು. ಅರ್ಜಿ ಬಂದಿದೆ ಅಂತ ಒಂದು ಹಿಂಬರಹ ಕೊಟ್ಟರು. ಅದು ಈಗಲೂ ನನ್ನ ಹತ್ತಿರ ಇದೆ.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಬ್ಯಾಂಕ್ ಮ್ಯಾನೇಜರ್ ಆಗಿದ್ದ ಸೋದರಮಾವನನ್ನು ಕರೆದುಕೊಂಡು ಹೋದೆ. ಅದೇ ಠಾಣೆ, ಅದೇ ರೈಟರ್. ಕುರ್ಚಿ ಬಂತು, ಟೀ ಬಂತು, ಎಫ್‌ಐಆರ್ ಒಂದು ಗಂಟೆಯೊಳಗೆ ಆಯಿತು. ನಾನು ಹೇಳಿದ್ದು ಎರಡೂ ಸಲ ಒಂದೇ. ಮಾವ ಬಾಯೇ ಬಿಡಲಿಲ್ಲ, ಪೇಪರ್ ಓದುತ್ತಾ ಕೂತಿದ್ದರು!

ಕರಿಕೋಟು

ಇದಕ್ಕೂ ತೀರ್ಪಿದೆ ಮೇಡಂ, ಲಲಿತಾ ಕುಮಾರಿ, 2013. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಕಡ್ಡಾಯ. ನಿಮ್ಮ ಹಿಂಬರಹವನ್ನು ಚೌಕಟ್ಟು ಹಾಕಿಸಿ ಇಡಿ.

ಬರೀ ಪ್ರಶ್ನೆ

ಪ್ರತಿಯೊಂದಕ್ಕೂ ತೀರ್ಪಿದೆ ಅಂತೀರಿ. 1978, 2013, 2014, 2023. ಹಾಗಿದ್ರೆ ಠಾಣೇಲಿ ಯಾಕೆ ಏನೂ ಬದಲಾಗಲ್ಲ?

ಕರಿಕೋಟು

ತೀರ್ಪು ಮೀರಿದ ಪೊಲೀಸನ ಮೇಲೆ ನ್ಯಾಯಾಂಗ ನಿಂದನೆ ಹಾಕಲು ಹೈಕೋರ್ಟಿಗೆ ಹೋಗಬೇಕು. ಅಲ್ಲಿಗೆ ಹೋಗುವ ತಾಕತ್ತಿರುವವನಿಗೆ ಆ ತೀರ್ಪಿನ ಅಗತ್ಯವೇ ಬೀಳುವುದಿಲ್ಲ. ನೀವು ತಮಾಷೆಗೆ ಕೇಳಿದ್ದರೂ ಈ ಇಡೀ ಚರ್ಚೆಯಲ್ಲಿ ಒಳ್ಳೆಯ ಪ್ರಶ್ನೆ ಅದು.

ಸೆಟ್ಲಮೆಂಟ್ ಹುಡುಗ · ಮಂಗಳವಾರ

ದಫೇದಾರ ಕಾಕಾ, "ದ್ವೇಷ ಅಲ್ಲ, ವಿಳಾಸ ಇಲ್ಲ ಅನ್ನೋ ಭಯ" ಅಂದ್ರಿ. ನಮಗ ವಿಳಾಸ ಐತ್ರಿ, ವಿಳಾಸನ ನಮ್ಮ ತ್ರಾಸು. ನಾ ಹುಬ್ಬಳ್ಳಿ ಸೆಟ್ಲಮೆಂಟ್‌ದಾಂವ. ಊರಾಗಿನ ಮಂದಿಗೆ ಹೆಸರು ಗೊತ್ತೈತಿ, ಅದು ಹ್ಯಾಂಗ ಬಂತು ಅಂತ ಗೊತ್ತಿಲ್ಲ. 1871ರಾಗ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಅಂತ ಮಾಡಿದ್ರು. ಕೆಲವು ಜಾತಿಯವರು ಹುಟ್ಟಾ ಕಳ್ಳರು ಅಂತ ಪಟ್ಟಿ ಬರದ್ರು. ಮುಂದ ಅಂಥವರನ್ನ ತಂದು ಒಂದು ಕಡೆ ಕೂಡಿಹಾಕಿ, ಹಾಜರಿ ತಗೊಂಡು, ಹೊರಗ ಹೋಗಬೇಕಂದ್ರ ಪಾಸು ಕೊಟ್ಟು ಇಟ್ಟ ಜಾಗಕ್ಕ ಸೆಟ್ಲಮೆಂಟ್ ಅಂದ್ರು. ಗಂಟಿಚೋರ್ ಅನ್ನೋ ಸಮುದಾಯ ಈಗೂ ಸರ್ಕಾರಿ ಪಟ್ಟಿಯೊಳಗ ಅದ ಹೆಸರಿನ ಮ್ಯಾಲ ಐತಿ. ಜಾತಿ ಸರ್ಟಿಫಿಕೇಟಿನ ಮ್ಯಾಲೆ "ಚೋರ್" ಅಂತ ಬರಕೊಂಡು ನೌಕರಿ ಅರ್ಜಿ ಹಾಕೋದು ಹ್ಯಾಂಗಿರತೈತಿ, ವಿಚಾರ ಮಾಡ್ರಿ.

ಆ ಕಾಯ್ದೆ ರದ್ದಾಗಿದ್ದು 1952ರ ಆಗಸ್ಟ್ 31ಕ್ಕ. ದೇಶಕ್ಕ ಸ್ವಾತಂತ್ರ್ಯ 47ರಾಗ ಬಂತು, ನಮ್ಮಜ್ಜಗ 52ರಾಗ. ಆದ್ರ ಅದರ ಬೆನ್ನಿಗೆ ರೂಢಿಗತ ಅಪರಾಧಿಗಳ ಕಾಯ್ದೆ ರಾಜ್ಯ ರಾಜ್ಯದಾಗ ಬಂದ್ವು, ಕರ್ನಾಟಕದಾಗ 1961ಕ್ಕ. ನಾ ಪಿಯುಸಿ ಇದ್ದಾಗ ಆಚೀ ಓಣ್ಯಾಗ ಮನಿಗಳ್ಳತನ ಆತು. ಬೆಳಗಾ ಮುಂಜಾನೆ ಜೀಪು ಬಂದಿದ್ದು ನಮ್ಮ ಓಣಿಗೆ. ಆರು ಹುಡುಗರನ್ನ ಒಯ್ದು ಸಂಜೀತನಕ ಕುಂದರಿಸಿ ಬಿಟ್ಟರು. ಹೊಡೀಲಿಲ್ಲ, ಕೇಸೂ ಇಲ್ಲ, ಯಾವ ದಾಖಲೆಯೊಳಗೂ ಇಲ್ಲ. ನನಗ ಅವತ್ತ ಕೆಮಿಸ್ಟ್ರಿ ಪ್ರಾಕ್ಟಿಕಲ್ ಇತ್ತು.

2024ರ ಅಕ್ಟೋಬರದಾಗ ಸುಪ್ರೀಂ ಕೋರ್ಟ್ ಜೈಲಿನೊಳಗ ಜಾತಿ ನೋಡಿ ಕೆಲಸ ಹಂಚೋದು ಸಂವಿಧಾನಕ್ಕ ವಿರುದ್ಧ ಅಂತು, ಜೈಲು ರಿಜಿಸ್ಟರಿನ ಜಾತಿ ಕಾಲಂ ತಗೀರಿ ಅಂತು. ಸ್ವಾತಂತ್ರ್ಯ ಬಂದು 77 ವರ್ಷದ ಮ್ಯಾಲೆ.

ಹಳೇ ದಫೇದಾರ

ತಮ್ಮಾ, ನಿಂಗೆ ಉತ್ತರ ಕೊಡೋಕೆ ನನ್ನ ಹತ್ರ ಏನಿಲ್ಲ. ಕಳವು ಆದಾಗ ಹಳೇ ಆರೋಪಿಗಳ ಪಟ್ಟಿ ತಕ್ಕೊಂಡು ಹೊರಡೋದು ನಮಗೆ ಮೊದಲ ಪಾಠ. ಆ ಪಟ್ಟಿ ಯಾವ ಕಾಲದ್ದು ಅಂತ ನಾವು ಯಾವತ್ತೂ ಕೇಳಲಿಲ್ಲ.

ಕಡಲತಡಿ · ಮಂಗಳವಾರ ರಾತ್ರಿ

ಒಂದೇ ಬದಿ ನೋಡಿದರೆ ಆಗುದಿಲ್ಲ ಮಾರಾಯ್ರೆ. ರಾಜ್ಯಗಳ ಪೊಲೀಸ್, ಜೈಲು, ಕೋರ್ಟು, ಕಾನೂನು ನೆರವು ಅಳೆಯುವ ಇಂಡಿಯಾ ಜಸ್ಟಿಸ್ ರಿಪೋರ್ಟಿನಲ್ಲಿ 2022ರಲ್ಲಿಯೂ 2025ರಲ್ಲಿಯೂ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕವೇ ಒಂದನೇ ಸ್ಥಾನ. ಪೊಲೀಸ್ ಇಲಾಖೆಯಲ್ಲಿ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದ ಮೀಸಲು ಹುದ್ದೆಗಳನ್ನು ಅಧಿಕಾರಿ, ಕಾನ್‌ಸ್ಟೆಬಲ್ ಎರಡೂ ಮಟ್ಟದಲ್ಲಿ ತುಂಬಿದ ಹೆಗ್ಗಳಿಕೆಯೂ ನಮ್ಮದೇ. ದೊಡ್ಡವರಿಗೆ ಶಿಕ್ಷೆ ಆಗುದೇ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಹಾಸನದ ಸಂಸದನಾಗಿದ್ದ, ಮಾಜಿ ಪ್ರಧಾನಿಯ ಮೊಮ್ಮಗ ಪ್ರಜ್ವಲ್ ರೇವಣ್ಣನಿಗೆ 2025ರ ಆಗಸ್ಟ್ 2ರಂದು ಜೀವಾವಧಿ ಆಯಿತು. ಸಾಕ್ಷಿ ಹೇಳಿದವರು ಮನೆಕೆಲಸದ ಮಹಿಳೆ. ನಟ ದರ್ಶನ್‌ಗೆ ಹೈಕೋರ್ಟ್ ಕೊಟ್ಟ ಜಾಮೀನನ್ನು ಅದೇ ತಿಂಗಳು 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು, ಜೈಲಿನಲ್ಲಿ ವಿಶೇಷ ಸವಲತ್ತು ಕೊಟ್ಟದ್ದು ಕಂಡರೆ ಮೊದಲು ಅಧೀಕ್ಷಕರನ್ನೇ ಅಮಾನತು ಮಾಡ್ತೇವೆ ಅಂತ ಎಚ್ಚರಿಸಿತು. ಇದೂ ಲೆಕ್ಕಕ್ಕೆ ಬರಬೇಕಲ್ವಾ?

ನಿರ್ವಾಹಕರು

ಮೇಲಿನ ಒಂದು ಪ್ರಕರಣ ವಿಚಾರಣೆಯಲ್ಲಿದೆ, ಇನ್ನೊಂದರಲ್ಲಿ ಮೇಲ್ಮನವಿಗೆ ಅವಕಾಶವಿದೆ. ಯಾರು ತಪ್ಪಿತಸ್ಥರು ಅನ್ನುವ ವಾದ ಇಲ್ಲಿ ಬೇಡ. ಅಭಿಮಾನಿಗಳ ಒಂಬತ್ತು ಕಾಮೆಂಟ್ ಅಳಿಸಿದ್ದೇವೆ.

ತುಂಗೆಯ ದಡ

ಲೆಕ್ಕಕ್ಕೆ ಬರಲಿ ಸಾರ್, ಖಂಡಿತ. ಆದರೆ ಪರಪ್ಪನ ಅಗ್ರಹಾರ ಜೈಲಿನಿಂದ ದರ್ಶನ್ ಅವರ ಕುರ್ಚಿ, ಮಗ್ಗು, ಸಿಗರೇಟಿನ ಫೋಟೋ ಹೊರಗೆ ಬಾರದೇ ಹೋಗಿದ್ದರೆ 2024ರ ಆಗಸ್ಟಲ್ಲಿ ಬಳ್ಳಾರಿಗೆ ಸ್ಥಳಾಂತರ ಆಗುತ್ತಿತ್ತಾ? ಅಲ್ಲೂ ನೋಡಿ, ಕುರ್ಚಿಯೇ!

ಸಿಮೆಂಟಂಗಡಿ

ಟಿವಿಯವರು ಬಂದು ನಿಂತಿರೋ ಕೇಸಲ್ಲಿ ಕಾನೂನು ಸರಿಯಾಗೇ ನಡೆಯುತ್ತೆ ಅಂತ ನಾನೂ ಒಪ್ತೀನಿ. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಕೋರ್ಟಿಗೆ ಬಂದು ಕೂತ್ಕೊಳ್ಳಿ ಸಾರ್. ಅರ್ಧ ಗಂಟೇಲಿ ಮೂವತ್ತು ಹೆಸರು ಕೂಗ್ತಾರೆ. ಅಲ್ಲಿ ಕ್ಯಾಮೆರಾ ಇಲ್ಲ.

ಗಂಗಾವತಿ ಭತ್ತ · ಬುಧವಾರ

ಕಡಲತಡಿಯವರು ಶಿಕ್ಷೆ ಆದ ಕೇಸು ಹೇಳಿದ್ರು. ನಮ್ಮ ತಾಲ್ಲೂಕಿಂದು ನಾನು ಹೇಳ್ತೀನಿ. ಮರಕುಂಬಿ. 2014ರ ಆಗಸ್ಟದಾಗ ದಲಿತರ ಕೇರಿ ಮ್ಯಾಲೆ ಬಿದ್ದು ಹೊಡೆದು, ಗುಡಿಸಲಿಗೆ ಬೆಂಕಿ ಹಚ್ಚಿದ್ರು. ಕೊಪ್ಪಳ ಕೋರ್ಟ್ ತೀರ್ಪು ಕೊಟ್ಟಿದ್ದು 2024ರ ಅಕ್ಟೋಬರ್ 24ಕ್ಕ. ಒಂದೇ ಕೇಸಿನಾಗ 98 ಮಂದಿಗೆ ಜೀವಾವಧಿ, ಇನ್ನೂ 3 ಮಂದಿಗೆ ಐದೈದು ವರ್ಷ. ದೇಶ ಎಲ್ಲಾ ಬೆರಗಾತು. ಮರು ತಿಂಗಳು ಧಾರವಾಡ ಹೈಕೋರ್ಟ್ ಪೀಠ 97 ಮಂದಿಗೆ ಜಾಮೀನು ಕೊಟ್ತು. ಕಾನೂನು ಪ್ರಕಾರ ಸರಿನೇ ಇರಬಹುದು, ಮೇಲ್ಮನವಿ ಇದ್ದಾಗ ಕೊಡ್ತಾರೆ. ಅವರಿಗೆ ಶ್ಯೂರಿಟಿ ಸಿಗೋದು ಕಷ್ಟ ಆಗಿರಲಿಕ್ಕಿಲ್ಲ. ಅಂಗಡಿ ಅಣ್ಣನ ಹುಡುಗ ಒಬ್ಬನಿಗೆ ಇಬ್ಬರು ಸಿಗವಲ್ಲರು. ಹೊಲ ಇದ್ದವರಿಗೆ ಪಹಣಿ ಇರ್ತದ, ಅಷ್ಟ.

ಇದು ಶಿಕ್ಷೆ ಆದ ಕೇಸು. ಕಂಬಾಲಪಲ್ಲಿ ನೆನಪೈತೇನು ಯಾರಿಗರ? ಚಿಂತಾಮಣಿ ತಾಲ್ಲೂಕು, 2000ದ ಮಾರ್ಚ್ 11. ಏಳು ಮಂದಿ ದಲಿತರನ್ನ ಸುಟ್ಟು ಕೊಂದ್ರು. 2006ರಾಗ ಎಲ್ಲಾ ಆರೋಪಿಗಳೂ ಖುಲಾಸೆ, ಯಾಕಂದ್ರ ಸಾಕ್ಷಿಗಳು ತಿರುಗಿಬಿದ್ರು. 2014ರಾಗ ಹೈಕೋರ್ಟ್ ಅದನ್ನೇ ಎತ್ತಿಹಿಡಿದ್ತು. ಸಾಕ್ಷಿ ಹೇಳಾಕ ಬಂದವನು ಸಂಜಿಗೆ ಅದೇ ಊರಿಗೆ ಹೋಗಬೇಕು, ಅವರ ಹೊಲದಾಗೇ ಕೂಲಿ ಮಾಡಬೇಕು. ಮೀಸಲು ಹುದ್ದೆ ಎಷ್ಟು ತುಂಬಿದ್ರೂ ಆ ಸಂಜಿಗೆ ಅವನ ಬಾಗಿಲ ಮುಂದ ಯಾವ ಕಾನ್‌ಸ್ಟೆಬಲ್ ನಿಂತಿರ್ತಾನ?

ಕಡಲತಡಿ

ಕಂಬಾಲಪಲ್ಲಿ ನಾನು ಮರೆತೇಬಿಟ್ಟಿದ್ದೆ. ಹೌದು.

ಕರಿಕೋಟು · ಬುಧವಾರ ರಾತ್ರಿ

ಭತ್ತದವರು ಹೇಳಿದ ಪಹಣಿ ಮಾತಿಗೆ ಒಂದು ಅಂಕಿ ಸೇರಿಸುತ್ತೇನೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಸುಮಾರು 5.73 ಲಕ್ಷ ಜನ, ಅದರಲ್ಲಿ ಸುಮಾರು 4.34 ಲಕ್ಷ ಜನ ವಿಚಾರಣಾಧೀನ ಕೈದಿಗಳು. ನೂರಕ್ಕೆ ಎಪ್ಪತ್ತಾರು ಹತ್ತಿರ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ ಮೊದಲ ಬಾರಿಯ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗಿದ್ದರೆ ಬಿಡಬೇಕು. ಕೇಬಲ್ ಹುಡುಗನ ಲೆಕ್ಕದಲ್ಲಿ ಅದು ಒಂದು ವರ್ಷ. ಒಂದು ವರ್ಷ ಕಾದರೆ ಬಿಡುತ್ತೇವೆ ಅನ್ನುವುದೇ ಸುಧಾರಣೆ! ಬಡ ಕೈದಿಗಳಿಗೆ ಜಾಮೀನು ಹಣ ಕಟ್ಟುವ ಕೇಂದ್ರದ ಯೋಜನೆಯೂ 2023ರಿಂದ ಇದೆ. ಆದರೆ ದುಡ್ಡು ಕಟ್ಟಬಹುದು, ನೆಂಟರನ್ನು ಎಲ್ಲಿಂದ ಕೊಡುತ್ತಾರೆ?

ಸಿಮೆಂಟಂಗಡಿ · ಹದಿನೆಂಟು ದಿನ ಬಿಟ್ಟು

ಕೇಳಿದೋರಿಗೆಲ್ಲ ಒಟ್ಟಿಗೇ ಹೇಳ್ತೀನಿ. ಹುಡುಗ ಹೊರಗೆ ಬಂದ. ಕಾನೂನು ಸೇವಾ ಸಮಿತಿಯಿಂದ ಒಬ್ಬರು ಲೇಡಿ ವಕೀಲರನ್ನ ಕೊಟ್ಟರು, ತುಂಬಾ ಚಿಕ್ಕ ವಯಸ್ಸು. ಷರತ್ತು ಸಡಿಲಿಸಿ ಅಂತ ಅರ್ಜಿ ಹಾಕಿ, ಆ 2023ರ ಆದೇಶದ ಪ್ರತಿ ಲಗತ್ತಿಸಿದರು. ಎಪಿಪಿ, ಅಂದ್ರೆ ಸರ್ಕಾರಿ ವಕೀಲರು, ತಕರಾರು ತೆಗೆದರು. ಜಡ್ಜ್ ಎರಡು ನಿಮಿಷ ಓದಿ ಸ್ವಂತ ಬಾಂಡು, ಜೊತೆಗೆ ಚಿಕ್ಕಪ್ಪನ ಅದೇ ಮಾನ್ವಿ ಪಹಣಿ ಸಾಕು ಅಂದರು. ಎರಡೇ ನಿಮಿಷ! ಜಾಮೀನಾದಮೇಲೆ ಒಟ್ಟು 38 ದಿನ.

ದಫೇದಾರರು ನನಗೆ ಬೇರೆಯಾಗಿ ಮೆಸೇಜ್ ಮಾಡಿ ಜೈಲಿನ ಗೇಟಲ್ಲಿ ಯಾರನ್ನ ಕೇಳಬೇಕು, ಆದೇಶ ಎಷ್ಟು ಗಂಟೆಯೊಳಗೆ ತಲುಪಿದ್ರೆ ಅವತ್ತೇ ಬಿಡ್ತಾರೆ ಅಂತ ಹೇಳ್ಕೊಟ್ಟರು. ಇಲ್ಲದಿದ್ರೆ ಇನ್ನೊಂದು ರಾತ್ರಿ ಹೋಗ್ತಿತ್ತು. ಥ್ಯಾಂಕ್ಸ್ ಸಾರ್.

ಗುಂಪಿನವರು ಬೇರೆ ಸೈಟಿಗೆ ಹೋಗಿದ್ದಾರೆ, ಅವನ ಜಾಗಕ್ಕೆ ಬೇರೆಯವನು ಬಂದಿದ್ದಾನೆ. ಎಳನೀರಿನವರು ಇನ್ನೂ ಊರುಗೋಲಲ್ಲೇ ಇದ್ದಾರೆ. ಹುಡುಗ ನಿನ್ನೆ ಅಂಗಡಿಗೆ ಬಂದಿದ್ದ. ಒಳಗೆ ಕನ್ನಡ ಓದೋದು ಸ್ವಲ್ಪ ಸುಧಾರಿಸಿತು ಅಂದ, ನಗ್ತಾನೇ. ಮುಂದಿನ ವಾಯಿದೆ ಎರಡು ತಿಂಗಳಿಗೆ. ಪ್ರತಿ ವಾಯಿದೆಗೂ ಮಾನ್ವಿಯಿಂದ ಬರಬೇಕು. ಅವನ ಮೊಬೈಲ್ ಠಾಣೇಲೇ ಇದೆ, ಮುದ್ದೆಮಾಲು, ಅಂದ್ರೆ ಕೇಸಲ್ಲಿ ವಶಪಡಿಸ್ಕೊಂಡ ವಸ್ತು, ಅಂತ ಬರೆದಿದ್ದಾರೆ. ಕೂಲಿ ದುಡ್ಡು ಬರೋದು ಅದರಲ್ಲಿರೋ ಫೋನ್‌ಪೇಗೆ. ಅದನ್ನ ಬಿಡಿಸ್ಕೊಳ್ಳೋದು ಹೇಗೆ?

ಕರಿಕೋಟು

ಮಧ್ಯಂತರ ವಶಕ್ಕೆ ಕೊಡಿ ಅಂತ ಅದೇ ಕೋರ್ಟಿಗೆ ಅರ್ಜಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಕಲಂ 451, 457. ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 497, 503. ಅದೇ ವಕೀಲರಿಗೆ ಹೇಳಿ, ಹಾಕುತ್ತಾರೆ. ಮೊಬೈಲಿನ ಬಿಲ್ಲು ಇದೆಯಾ?

ಸಿಮೆಂಟಂಗಡಿ

ಸೆಕೆಂಡ್ ಹ್ಯಾಂಡ್ ಸಾರ್. ಬಿಲ್ಲು ಎಲ್ಲಿಂದ ಬರಬೇಕು.

ಕರಿಕೋಟು

ಹಾಗಾದರೆ ಐಎಂಇಐ ನಂಬರ್ ಇರುವ ಡಬ್ಬಿ ಇದ್ದರೂ ನಡೆಯುತ್ತೆ. ಅದೂ ಇಲ್ಲದಿದ್ದರೆ ಸಿಮ್ ಅವನ ಹೆಸರಲ್ಲಿದೆಯಾ ನೋಡಿ. ಬಿಡುಗಡೆ ಆದೇಶದಲ್ಲಿ ಮೊಬೈಲಿನ ಬೆಲೆಗೆ ಬಾಂಡು ಕೇಳುತ್ತಾರೆ, ಒಬ್ಬ ಶ್ಯೂರಿಟಿ ಕೂಡ ಕೇಳಬಹುದು.

ಸಿಮೆಂಟಂಗಡಿ

ಮೊಬೈಲಿಗೂ ಶ್ಯೂರಿಟಿನಾ? ಸರಿ, ಅಪ್ಪನನ್ನ ಇನ್ನೊಂದ್ಸಲ ಕೇಳ್ತೀನಿ.